ಚಹಾದಲ್ಲಿ ಕೊಟ್ಟ ಜ್ಞಾನಸ್ನಾನ

ಗಾಬರಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ! ಅರ್ಧದಲ್ಲಿ ನಿಂತುಹೋದ ಲಿಫ್ಟಿನೊಳಗೆ ಬೊಬ್ಬೆ ಹೊಡೆಯುವವರಿಗೆ ಮೂವತ್ತು ವರ್ಷ ಹೊರಗಿನಿಂದ ಧೈರ್ಯ ಹೇಳಿದ ಮೆಕ್ಯಾನಿಕ್ ನಾನು. ಮಗಳ ಹಸುಗೂಸಿನ ಹೃದಯದಲ್ಲಿ ತೂತಿದೆ, ಸೋಮವಾರ ಆಪರೇಷನ್ ಎಂದು ಗೊತ್ತಾದಾಗ ಮನೆಯವರೆಲ್ಲ ಅತ್ತರು. ನಾನು ಎದೆ ತಟ್ಟಿದೆ.

"ಭಾನುವಾರ ಚರ್ಚಿನಲ್ಲಿ ಜ್ಞಾನಸ್ನಾನ ಆಗ್ತದೆ. ಅದಕ್ಕೂ ಮೊದಲು ಏನಾದ್ರೂ ಆದ್ರೆ ನಾನಿದ್ದೀನಲ್ಲ! ಪ್ರಾಣಕ್ಕೆ ಅಪಾಯ ಬಂದ್ರೆ ಯಾರು ಬೇಕಾದ್ರೂ ಕೊಡಬಹುದು. ತಲೆ ಮೇಲೆ ಮೂರು ಸಲ ನೀರು, ಜೊತೆಗೆ 'ತಂದೆಯ, ಮಗನ, ಪವಿತ್ರಾತ್ಮರ ಹೆಸರಿನಲ್ಲಿ' ಅನ್ನೋ ಮಾತು. ಅಷ್ಟೇ!"

"ಮೊದಲು ಆ ಹಾಳು ಬಾಯಿಗೆ ಬೀಗ ಹಾಕಿ," ಎಂದಳು ಹೆಂಡತಿ.

ಶನಿವಾರ ಸಂಜೆ ತೊಟ್ಟಿಲ ಪಕ್ಕ ಕೂತಿದ್ದೆ. ಕೈಯಲ್ಲಿ ಹಾಲಿಲ್ಲದ, ಆರಿಹೋದ ಚಹಾ. ಇದ್ದಕ್ಕಿದ್ದಂತೆ ಮಗುವಿನ ತುಟಿ ನೀಲಿಯಾಯಿತು. ಮಗಳು ಕಿರುಚಿದಳು. ಅಡುಗೆಮನೆಯ ನಲ್ಲಿ ಹತ್ತೇ ಹೆಜ್ಜೆ ದೂರ, ನನ್ನ ಕಾಲು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಕೈಯಲ್ಲಿದ್ದದ್ದನ್ನೇ ಮೂರು ಸಲ ತಲೆಗೆ ಸುರಿದೆ, ಬಾಯಿ ಏನನ್ನೋ ಹೇಳಿತು. ಮಗು ಸಿಟ್ಟಿಗೆದ್ದು ಅತ್ತಿತು! ಬಣ್ಣ ತಿರುಗಿತು. ಪಕ್ಕದ ಮನೆಯಿಂದ ಓಡಿಬಂದ ಡಾಕ್ಟರು, "ಅತ್ತಿದ್ದೇ ಒಳ್ಳೇದಾಯ್ತು," ಎನ್ನುತ್ತ ಮಗುವಿನ ಹಣೆಯಿಂದ ಚಹಾ ಚರಟ ಒರೆಸಿದರು.

ಭಾನುವಾರ ಚರ್ಚಿನಲ್ಲಿ ಮೀಸೆ ತಿರುವಿದೆ. "ಫಾದರ್, ಕೆಲಸ ಮುಗಿದಿದೆ. ಒಮ್ಮೆ ಆದದ್ದನ್ನ ಇನ್ನೊಮ್ಮೆ ಮಾಡೋ ಹಾಗಿಲ್ಲ ಅಲ್ವಾ? ರಿಜಿಸ್ಟರಿನಲ್ಲಿ ಬರೆದುಕೊಂಡ್ರೆ ಸಾಕು."

"ಯಾವ ನೀರು ಬಳಸಿದ್ರಿ?"

"ಚಹಾ."

ಫಾದರ್ ಬೆಂಚಿನ ಮೇಲೆ ಕೂತುಬಿಟ್ಟರು. "ನೀರೇ ಆಗಬೇಕು. ಹಾಲು, ಹಣ್ಣಿನ ರಸ ಯಾವುದೂ ನಡೆಯೋದಿಲ್ಲ. ಎಷ್ಟು ತೆಳ್ಳಗಿತ್ತು? ನೋಡಿದವರು ಚಹಾ ಅಂತಿದ್ರಾ, ನೀರು ಅಂತಿದ್ರಾ?"

ಹೆಂಡತಿ ನನ್ನತ್ತ ತಿರುಗಿದಳು. ಅವಳ ಚಹಾಕ್ಕೆ ಮೂವತ್ತಾರು ವರ್ಷಗಳಿಂದ 'ಪಾತ್ರೆ ತೊಳೆದ ನೀರು' ಎಂದು ಹೆಸರಿಟ್ಟವನು ನಾನೇ. ಆದರೆ ಅವಳ ಕಣ್ಣು ನೋಡಿ ನಾಲಿಗೆ ಹೊರಳಿತು. "ಒಳ್ಳೇ ಗಟ್ಟಿ ಚಹಾ, ಫಾದರ್!"

ದಾಂಪತ್ಯದ ಮೊದಲ ಹೊಗಳಿಕೆ, ಅದಕ್ಕೆ ಮೊಮ್ಮಗುವಿನ ಜ್ಞಾನಸ್ನಾನವೇ ಆಹುತಿ!

"ನೀವು ಸುಮ್ಮನಿರಿ," ಎಂದಳು ಅವಳು. "ಅದು ನೀರೇ, ಫಾದರ್. ನಾನು ಮಾಡೋದೇ ಹಾಗೆ."

ಈ ಮಾತನ್ನು ಅವಳು ಒಂದು ದಿನವೂ ಒಪ್ಪಿದವಳಲ್ಲ.

"ಹಾಗಾದ್ರೆ ಸಂಶಯ ಇದೆ," ಎಂದರು ಫಾದರ್. "'ನಿನಗೆ ಈಗಾಗಲೇ ಜ್ಞಾನಸ್ನಾನ ಆಗಿಲ್ಲದಿದ್ದರೆ' ಅಂತ ಷರತ್ತು ಸೇರಿಸಿ ಕೊಡ್ತೀನಿ. ಮಾತುಗಳನ್ನಾದ್ರೂ ಸರಿಯಾಗಿ ಹೇಳಿದ್ರಿ ತಾನೆ?"

"ಒಂದಕ್ಷರ ತಪ್ಪಿಲ್ಲ!"

ಮಗಳು ತಲೆ ತಗ್ಗಿಸಿದಳು. "ಇಲ್ಲ ಫಾದರ್. ಅಪ್ಪ ಹೇಳಿದ್ದು ಊಟಕ್ಕೆ ಮುಂಚಿನ ಪ್ರಾರ್ಥನೆ. 'ಈ ಆಹಾರವನ್ನು ಆಶೀರ್ವದಿಸು' ಅಂತ. ಮೂರು ಸಲ."

"ಆಗ್ಲೇ ಯಾಕಮ್ಮ ಹೇಳಲಿಲ್ಲ?" ಎಂದೆ.

"ನೀವು ಅಳ್ತಾ ಇದ್ರಿ ಅಪ್ಪ. ಹೇಗೆ ಹೇಳ್ಲಿ?"

ಫಾದರ್ ಯಾವ ಷರತ್ತೂ ಇಲ್ಲದೆ ಮೂರು ಸಲ ನೀರು ಸುರಿದರು. ಮಗುವಿಗೆ ಜೋರಾಗಿ ಅಳುವ ಶಕ್ತಿಯೂ ಇರಲಿಲ್ಲ. ನಾಳೆ ಈ ಹೊತ್ತಿಗೆ ಅದು ಆಪರೇಷನ್ ಮೇಜಿನ ಮೇಲಿರುತ್ತದೆ ಎಂದು ನೆನೆದು ಅದರ ಪುಟ್ಟ ಪಾದ ಹಿಡಿದುಕೊಂಡೆ. ಹೆಂಡತಿ ಕಣ್ಣೊರೆಸಿಕೊಂಡು ಮೊಣಕೈಯಿಂದ ತಿವಿದಳು.

"ನಿಮ್ಮನ್ನ ನಂಬಿ, ಇಡೀ ಚರ್ಚಿನ ಎದುರು ನನ್ನ ಚಹಾ ನೀರು ಅಂತ ಒಪ್ಪಿಕೊಂಡ್ನಲ್ರೀ!"