ಮೊದಲ ಪಂಕ್ತಿಯ ಮಸೂದೆ

ಸಮಾಜಕ್ಕೆ ಏನಾದರೂ ಒಳ್ಳೆಯದು ಮಾಡಬೇಕೆಂಬ ಚಪಲ ನನಗೆ ವರ್ಷಕ್ಕೊಮ್ಮೆ ಮೈಗ್ರೇನಿನ ಹಾಗೆ ಬರುತ್ತದೆ. ಡಾಕ್ಟರಾಗಿದ್ದೂ ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಎಂಬತ್ತರ ದಶಕದಲ್ಲಿ, ಅಡಿಲೇಡ್‌ನಲ್ಲಿದ್ದಾಗ, ಅದು ಬಂದದ್ದು ಮಗಳು ಸ್ಮಿತಾಳ ಹೋಂವರ್ಕಿನಿಂದ. ಅಮೆರಿಕದ ಇತಿಹಾಸ. ಹಾವು ಮುಂಗುಸಿಯಂತಿದ್ದ ಎರಡು ಪಕ್ಷಗಳ ಜನ ಒಟ್ಟಿಗೆ ವೋಟು ಹಾಕಿ, ಮುದುಕರಿಗೆ ಪೆನ್ಷನ್ ಕೊಡುವ ಕಾನೂನನ್ನೂ, ಮುಂದೆ ಕಪ್ಪು ಜನರಿಗೆ ಸಮಾನ ಹಕ್ಕು ಕೊಡುವ ಕಾನೂನನ್ನೂ ಪಾಸು ಮಾಡಿದ ಕತೆ. ಅವಳಿಗೆ ಆಕಳಿಕೆ ಬಂತು, ಓದಿ ಹೇಳುತ್ತಿದ್ದ ನನಗೆ ರೋಮಾಂಚನವಾಯಿತು.

ನಮ್ಮ ಕನ್ನಡ ಸಂಘದಲ್ಲೂ ಎರಡು ಪಕ್ಷ. ಇದ್ದದ್ದು ಒಂಬತ್ತೇ ಮನೆ, ಎಲ್ಲರೂ ಡಾಕ್ಟರುಗಳು. ಯುಗಾದಿ ಊಟ ಹಬ್ಬದ ದಿನವೇ ಆಗಬೇಕೆಂದು ಅರಿವಳಿಕೆಯ ಡಾಕ್ಟರ್ ಶೇಷಾದ್ರಿ, ಭಾನುವಾರ ಆಗಬೇಕೆಂದು ಮಕ್ಕಳ ಡಾಕ್ಟರ್ ರೆಹಮಾನ್. ನಡುವೆ ಕಾರ್ಯದರ್ಶಿ ನಾನು. ಇಬ್ಬರೂ ತಕರಾರಿಲ್ಲದೆ ಪಾಲಿಸುತ್ತಿದ್ದ ಪದ್ಧತಿ ಒಂದೇ: ಗಂಡಸರು, ಮಕ್ಕಳು ಮೊದಲ ಪಂಕ್ತಿಗೆ ಕೂರುವುದು, ಹೆಂಗಸರು ಬಡಿಸುವುದು. ನನ್ನ ಹೆಂಡತಿ ವಿಮಲ ಎಂಟು ವರ್ಷ ಯುಗಾದಿಗೆ ಹೋಳಿಗೆ ಬೇಯಿಸಿ, ಕೊನೆಗೆ ಉಳಿದ ತಣ್ಣನೆಯ ಚಿತ್ರಾನ್ನ ತಿಂದವಳು. "ಒಂದ್ಸಲ ಎಲ್ರ ಜೊತೆ ಕೂತು ಬಿಸಿ ಹೋಳಿಗೆ ತಿನ್ಬೇಕು ಕಣ್ರೀ" ಎಂದು ಒಮ್ಮೆ ಕಾರಿನಲ್ಲಿ ಹೇಳಿದಳು. ಜಗಳವಾಡಿ ಹೇಳಿದ್ದರೆ ಮರೆತುಬಿಡುತ್ತಿದ್ದೆ. ಕಿಟಕಿಯಾಚೆ ನೋಡುತ್ತ ಹೇಳಿದಳು. ನನಗೆ ನಾಚಿಕೆಯಾಯಿತು.

ಹಾಗಾಗಿ ಮಸೂದೆ ಬರೆದೆ: ಈ ಸಲ ಹೆಂಗಸರು ಮೊದಲ ಪಂಕ್ತಿಗೆ, ಗಂಡಸರು ಬಡಿಸಬೇಕು. ಮೊದಲು ಶೇಷಾದ್ರಿಯವರ ಮನೆಗೆ ಹೋದೆ. "ತತ್ವಕ್ಕೆ ನಾನು ಪೂರ್ತಿ ಒಪ್ತೀನಿ. ಆದ್ರೆ ಎಲ್ರೂ ಬಂದು ಕೂತ್ಬಿಟ್ರೆ ಕಾವಲಿ ಹತ್ರ ಯಾರಿರ್ತಾರೆ? 'ಅಡುಗೆ ಮಾಡೋರನ್ನ ಬಿಟ್ಟು' ಅಂತ ಸೇರಿಸಿ" ಎಂದರು. ಸೇರಿಸಿದೆ. ರೆಹಮಾನ್ ಕೈ ಕುಲುಕಿ, "ಒಳ್ಳೇ ಕೆಲ್ಸ ಸಾರ್. ಆದ್ರೆ ನಾವು ಸಾರು ಬಡಿಸಿದ್ರೆ ಸೀರೆ ಮೇಲೇ ಬೀಳೋದು. ಅಭ್ಯಾಸ ಇರೋರೇ ಬಡಿಸ್ಲಿ ಅಂತ ಹಾಕಿ" ಎಂದರು. ಹಾಕಿದೆ. ಎರಡೂ ಪಕ್ಷದ ಬೆಂಬಲ ಸಿಕ್ಕ ಸಂಭ್ರಮದಲ್ಲಿ, ಮಸೂದೆಯಲ್ಲಿ ಉಳಿದದ್ದೇನು ಎಂದು ನೋಡುವ ವ್ಯವಧಾನ ನನಗಿರಲಿಲ್ಲ. ಸಭೆಯಲ್ಲಿ ಒಂಬತ್ತು ಗಂಡಸರೂ ಕೈಯೆತ್ತಿದರು. ಹೆಂಗಸರು ಆಗ ಒಳಗೆ ಕಾಫಿ ಸೋಸುತ್ತಿದ್ದರು.

ಯುಗಾದಿ ಊಟದ ದಿನ ಬಾಡಿಗೆಯ ಚರ್ಚ್ ಹಾಲಿನಲ್ಲಿ ಜಮಖಾನ ಹಾಸಿ ಕೂತೆವು. ಮೊದಲ ಪಂಕ್ತಿಯಲ್ಲಿ ಎಂದಿನಂತೆ ನಾವು, ನಮ್ಮ ಮಕ್ಕಳು. ಹೊಸ ಕಾನೂನಿನ ಪ್ರಕಾರ ಕೂರಲು ಅರ್ಹತೆಯಿದ್ದ ಹೆಂಗಸು ಒಬ್ಬರೇ, ಶೇಷಾದ್ರಿಯವರ ಪಕ್ಕದ ಮನೆಯ ಆಸ್ಟ್ರೇಲಿಯನ್ ಅಜ್ಜಿ. ಪಾಪ, ಅವರಿಗೆ ಹೋಳಿಗೆ ಬೇಯಿಸಲೂ ಬಾರದು, ಬಡಿಸಲೂ ಬಾರದು. ಉಳಿದ ಹೆಂಗಸರೆಲ್ಲಿ ಎಂದು ಅವರು ಕೇಳಿದಾಗ ನಾನು ಉಪ್ಪಿನಕಾಯಿ ನೋಡುತ್ತ ಕೂತೆ.

ಪಕ್ಕದಲ್ಲಿದ್ದ ಸ್ಮಿತಾ, "ಡ್ಯಾಡ್, ಯೂ ಸ್ಕಿಪ್ಡ್ ಎ ಪೇಜ್" ಎಂದಳು. ಆ ಪೆನ್ಷನ್ ಕಾನೂನು ಪಾಸಾದಾಗ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿದ್ದರಂತೆ. ರೋಮಾಂಚನದ ಭರದಲ್ಲಿ ನಾನು ಹಾರಿಸಿದ ಪುಟದಲ್ಲಿ ಅದಿತ್ತು.

ಅಷ್ಟರಲ್ಲಿ ವಿಮಲ ಹೋಳಿಗೆಯ ತಟ್ಟೆ ಹಿಡಿದು ಬಂದಳು. ಹಣೆಯ ಬೆವರಿಗೆ ಕುಂಕುಮ ಕದಡಿತ್ತು. ನಾನು ಏಳಲು ಹೋದೆ.

"ಕೂತ್ಕೊಳ್ರೀ, ಪಂಕ್ತಿ ಮಧ್ಯ ಏಳ್ಬಾರ್ದು. ನಿಮ್ಮ ಕಾನೂನು ಪಾಸಾಯ್ತಂತಲ್ಲ, ಸಂತೋಷ" ಎಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟು ಮುಂದೆ ಹೋದಳು.

ಅಳು ಬರುವಷ್ಟು ಬೇಸರವಾಯಿತು. ಹೋಳಿಗೆ ಮಾತ್ರ ಬಿಸಿಬಿಸಿಯಾಗಿ ಬಹಳ ಚೆನ್ನಾಗಿತ್ತು. ಅವಳು ಎರಡನೇ ಸುತ್ತು ಬಂದಾಗ ಇನ್ನೊಂದು ಹಾಕಿಸಿಕೊಂಡೆ.