ಉಪ್ಪಿಟ್ಟು ತಿಂದವರು ಕೊಟ್ಟ ಅಂಕ

'ಚೆನ್ನಾಗಿದೆ' ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಹೇಳುತ್ತೇವೋ ನಮಗೇ ಗೊತ್ತಿರುವುದಿಲ್ಲ. ಗೃಹಪ್ರವೇಶಕ್ಕೆ ಹೋದಾಗ, ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಗಲುವಂತಿದ್ದರೂ, 'ಗಾಳಿ ಬೆಳಕು ಚೆನ್ನಾಗಿದೆ' ಎನ್ನುತ್ತೇವೆ. ಮದುವೆಯಲ್ಲಿ ಪಾಯಸ ತಳ ಹಿಡಿದಿದ್ದರೂ ಕೈ ತೊಳೆದುಕೊಂಡು ಬರುವಾಗ ಹುಡುಗಿಯ ತಂದೆ ಎದುರಾದರೆ 'ಊಟ ಬಹಳ ಚೆನ್ನಾಗಿತ್ತು' ಎನ್ನುತ್ತೇವೆ. ಪಾಪ, ಆ ಮನುಷ್ಯ ಬೆಳಗಿನಿಂದ ಒಂದು ತುತ್ತು ಬಾಯಿಗೆ ಹಾಕಿರುವುದಿಲ್ಲ. ಅವನಿಗೆ ಪಾಯಸದ ಸಂಗತಿ ತಿಳಿಸಿ ನಾವು ಸಾಧಿಸುವುದೇನಿದೆ? ಇದನ್ನು ನಾನು ಸುಳ್ಳು ಎಂದು ಕರೆಯುವುದಿಲ್ಲ. ನಾಲ್ಕು ಜನ ಒಂದೇ ಬೀದಿಯಲ್ಲಿ ಬದುಕಬೇಕಾದರೆ ಇಷ್ಟಾದರೂ ಇರಬೇಕು. ಆದರೆ ಜನರಿಗೆ ನಿಜವಾಗಿ ಏನನ್ನಿಸಿತು ಎಂಬುದನ್ನು ಅಳೆದು ಹೇಳುವುದೇ ಹೊಟ್ಟೆಪಾಡಾಗಿರುವ ನನ್ನಂಥವನ ಗತಿ ಏನಾಗಬೇಕು, ನೀವೇ ಯೋಚಿಸಿ.

ನಾನು ಹೆಬ್ಬಾಳದ ಹತ್ತಿರದ ಒಂದು ಕಂಪನಿಯಲ್ಲಿದ್ದೇನೆ. ನಮ್ಮವರು ತಯಾರಿಸುವ ಮೊಬೈಲ್ ಆ್ಯಪುಗಳು ಬಳಸುವವರಿಗೆ ಸಲೀಸಾಗಿವೆಯೇ ಇಲ್ಲವೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಸಲೀಸು ಎಂದರೆ ಏನು ಎಂಬುದಕ್ಕೆ ನಮ್ಮಲ್ಲಿ ಗಂಭೀರವಾದ ವ್ಯಾಖ್ಯೆಯೇ ಇದೆ. ಅಂದುಕೊಂಡ ಕೆಲಸ ಆಯಿತೇ, ಆಗಲು ಎಷ್ಟು ಹೊತ್ತು ಹಿಡಿಯಿತು, ಮಾಡಿದವರ ಮನಸ್ಸಿಗೆ ಹಿತವಾಯಿತೇ. ಮೊದಲನೆಯದನ್ನು ಪಕ್ಕದಲ್ಲಿ ಕುಳಿತು ನೋಡಬಹುದು, ಎರಡನೆಯದನ್ನು ಗಡಿಯಾರ ಹಿಡಿದು ಅಳೆಯಬಹುದು. ಮೂರನೆಯದನ್ನು ಮಾತ್ರ ಅವರ ಬಾಯಿಂದಲೇ ಕೇಳಬೇಕು. ಒಂದರಿಂದ ಐದರೊಳಗೆ ಅಂಕ ಕೊಡಿ ಎಂದು ಕೇಳುತ್ತೇವೆ. ನನ್ನ ತಲೆನೋವೆಲ್ಲ ಶುರುವಾಗುವುದು ಅಲ್ಲಿಂದಲೇ.

ಮೂರನೆಯದನ್ನು ನಂಬಬಾರದು ಎಂದು ನನಗೆ ಮೊದಲೇ ಹೊಳೆಯಬೇಕಾಗಿತ್ತು. ಅಬ್ಬಿಗೆರೆಯಲ್ಲಿ ನಾವು ಮನೆ ಕಟ್ಟಿಸಿದಾಗ ಬಚ್ಚಲಿಗೆ ಹೊಸ ಮಾದರಿಯ ನಲ್ಲಿಯನ್ನು ನಾನೇ ಆರಿಸಿ ತಂದಿದ್ದೆ. ಒಂದೇ ಹಿಡಿಕೆ, ಯಾವ ಕಡೆ ತಿರುಗಿಸಿದರೆ ಬಿಸಿ, ಯಾವ ಕಡೆ ತಣ್ಣೀರು ಎಂದು ಮನೆಯವರಿಗೂ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಜನವರಿ ಚಳಿಯಲ್ಲಿ ಬಂದ ನನ್ನ ಭಾವಮೈದ ಒಳಗೆ ಹೋದವನು ಒಮ್ಮೆ ಜೋರಾಗಿ ಕೂಗಿದ. ಆಮೇಲೆ ಸದ್ದಿಲ್ಲ. ಹಲ್ಲು ಕಟಕಟಿಸುತ್ತ ಹೊರಗೆ ಬಂದವನನ್ನು 'ಬಿಸಿನೀರು ಸರಿಯಾಗಿ ಬಂತಾ' ಎಂದು ಕೇಳಿದೆ. 'ಫಸ್ಟ್ ಕ್ಲಾಸ್ ಭಾವ' ಎಂದ. ಅವನು ಮೂರು ದಿನ ಇದ್ದ. ಉಳಿದೆರಡು ದಿನ ತಲೆನೋವು ಎಂದು ಸ್ನಾನವನ್ನೇ ಮಾಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಆಸ್ಪತ್ರೆಯವರಿಗಾಗಿ ನಮ್ಮ ಕಂಪನಿ ಒಂದು ಆ್ಯಪ್ ಮಾಡಿತ್ತು. ಡಾಕ್ಟರನ್ನು ನೋಡಲು ಚೀಟಿಯನ್ನು ಮೊಬೈಲಿನಲ್ಲೇ ಮಾಡಿಸಿಕೊಳ್ಳಬಹುದು. ಆ್ಯಪ್ ಬಂದ ದಿನವೇ ಚೀಟಿ ಬರೆಯುವ ಕಿಟಕಿಯನ್ನು ಮುಚ್ಚುವುದೆಂದು ಆಸ್ಪತ್ರೆಯವರು ನಿರ್ಧರಿಸಿದ್ದರು. ನಮ್ಮ ಮ್ಯಾನೇಜರ್ ಶ್ವೇತಾ ನನಗಿಂತ ಹದಿನೈದು ವರ್ಷ ಚಿಕ್ಕವರು, ಚುರುಕಿನ ಹೆಣ್ಣುಮಗಳು. 'ಮೂರ್ತಿ ಸರ್, ನೀವು ಓಕೆ ಅಂದ್ರೆ ರಿಲೀಸ್, ಇಲ್ಲಾಂದ್ರೆ ಇಲ್ಲ' ಎಂದು ಇಡೀ ಭಾರವನ್ನು ನನ್ನ ತಲೆಯ ಮೇಲೆ ಹಾಕಿದರು. ಆಫೀಸಿನ ಹುಡುಗರ ಕೈಗೆ ಕೊಟ್ಟರೆ ಎಲ್ಲವೂ ಸಲೀಸೇ. ಆಸ್ಪತ್ರೆಗೆ ಹೋಗುವವರು ಯಾರು? ವಯಸ್ಸಾದವರು. ಅಂಥವರು ನಮ್ಮ ಬೀದಿಯಲ್ಲೇ ಬೇಕಾದಷ್ಟು ಜನ ಇದ್ದಾರಲ್ಲ ಎಂದು, ಕಿಟಕಿ ಮುಚ್ಚುವ ಸಂಗತಿಯನ್ನೂ ತಿಳಿಸಿ, ಒಂದು ಭಾನುವಾರ ಅವರನ್ನು ಮನೆಗೇ ಕರೆದೆ. ಸುಮ್ಮನೆ ಕರೆಯುವುದು ಹೇಗೆ? ಉಪ್ಪಿಟ್ಟು, ಕಾಫಿ ಮಾಡಿದೆ. ಉಪ್ಪಿಟ್ಟು ನನ್ನದೇ ಕೈಯಡುಗೆ. ನಮ್ಮ ಬೀದಿಯಲ್ಲಿ ಅದಕ್ಕೆ ಹೆಸರಿದೆ ಎಂದು ನಾನು ತಿಳಿದಿದ್ದೆ.

ಮೊದಲು ಕುಳಿತವರು ಎದುರುಮನೆಯ ಗಿರಿಜಕ್ಕ. ಗದಗದ ಕಡೆಯವರು, ಗಂಡ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ ಈ ಕಡೆ ಬಂದವರು. ಅವರ ಅತ್ತೆಗೆ ಕಣ್ಣಿನ ತೊಂದರೆ. ತಿಂಗಳಿಗೊಮ್ಮೆ ಅದೇ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗುತ್ತಾರೆ. 'ಅಕ್ಕ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಮಾಡಿ' ಎಂದೆ. ನಮ್ಮ ಕೆಲಸದಲ್ಲಿ ಹಾಗೆ ಹೇಳಿಸುವುದು ಒಂದು ಪದ್ಧತಿ. ಗಿರಿಜಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಅತ್ತೆಯ ಹಟ, ಗಂಡನ ಗೊರಕೆ, ಜೋಳದ ಹಿಟ್ಟು ಇಲ್ಲಿ ಸರಿಯಾಗಿ ಸಿಗದಿರುವುದು, ಎಲ್ಲವೂ ಬಂತು. ಆ್ಯಪಿನ ಸುದ್ದಿ ಮಾತ್ರ ಬರಲಿಲ್ಲ. ಆ್ಯಪು ಅತ್ತೆಯ ಹುಟ್ಟಿದ ತಾರೀಕು ಕೇಳಿತು. ಕ್ಯಾಲೆಂಡರು ಈ ತಿಂಗಳಿಂದ ತೆರೆದುಕೊಳ್ಳುತ್ತದೆ. ಹಿಂದಕ್ಕೆ ಹೋಗಬೇಕಾದರೆ ಒಂದು ಸಣ್ಣ ಬಾಣದ ಗುರುತನ್ನು ತಿಂಗಳಿಗೊಂದರಂತೆ ಒತ್ತುತ್ತಲೇ ಇರಬೇಕು. ಅವರ ಅತ್ತೆ ಹುಟ್ಟಿದ ಕಾಲಕ್ಕೆ ಹೋಗಿ ಸೇರುವುದು ಯಾರಿಗೆ ಸಾಧ್ಯ? ಒತ್ತಿ ಒತ್ತಿ ಸುಸ್ತಾದ ಗಿರಿಜಕ್ಕ ಎಲ್ಲೋ ಒಂದು ಕಡೆ ನಿಂತು 'ಆತ್ರಿ' ಎಂದರು. ವಯಸ್ಸು ನೋಡಿದ ಆ್ಯಪು ತಡಮಾಡದೆ ಅವರ ಅತ್ತೆಯನ್ನು ಮಕ್ಕಳ ಡಾಕ್ಟರ ಹತ್ತಿರ ಕಳಿಸಿತು.

ಅಂಕ ಎಷ್ಟು ಎಂದು ಕೇಳಿದೆ. 'ಐದು ಬರ್ಕೋರಿ' ಎಂದರು. 'ಅಕ್ಕ, ಚೀಟಿ ತಪ್ಪಾಯ್ತಲ್ಲ' ಎಂದೆ. 'ತಪ್ಪಾದ್ರ ಏನಾತ್ರಿ ಅಣ್ಣಾರ, ನಮ್ಮ ಅತ್ತಿ ವಯಸ್ಸು ಕಡಿಮಿ ಆತಲ್ಲ, ಛೊಲೋ ಐತ್ರಿ' ಎಂದರು. ನಿಜ ಹೇಳಿ ಎಂದು ಬೇಡಿಕೊಂಡೆ. ಅವರು ತಟ್ಟೆಯ ಕಡೆ ನೋಡಿ ತಣ್ಣಗೆ ಹೇಳಿದರು: 'ಉಪ್ಪಿಟ್ಟು ತಿಂದು ಮೂರು ಕೊಡಾಕ ಬರ್ತದೇನ್ರಿ?'

ಅವರ ನಂತರ ಮುನಿಯಪ್ಪನವರು ಕುಳಿತರು. ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇರುವ ಮನೆತನ. ನಾವು ಮನೆ ಕಟ್ಟಿರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. 'ಉಟ್ಟಿದ ತಾರೀಕು ನಮ್ಮವ್ವಂಗೇ ಗೊತ್ತಿರ್ಲಿಲ್ಲ ಸಾ, ಈ ಫೋನಿಗೆ ಯಾಕ್ ಬೇಕಂತೆ' ಎಂದು ಕೇಳಿದವರು, ಸಿಕ್ಕಿದ್ದನ್ನೆಲ್ಲ ಒತ್ತಿ, ಕೊನೆಗೆ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿ 'ಐದು ಆಕ್ಕೊಳಿ ಸಾ' ಎಂದರು. ಬಂದವರೆಲ್ಲರೂ ಹಾಗೆಯೇ. ಒಬ್ಬರ ಕೈಯಲ್ಲೂ ಸರಿಯಾದ ಚೀಟಿ ಆಗಲಿಲ್ಲ, ಒಬ್ಬರೂ ಐದಕ್ಕೆ ಕಡಿಮೆ ಕೊಡಲಿಲ್ಲ.

ಸೋಮವಾರ ಶ್ವೇತಾ ಆ ಅಂಕಗಳನ್ನು ನೋಡಿ ಹಿಗ್ಗಿದರು. 'ಟೈಮ್ ಹಿಡಿಯುತ್ತೆ ಸರ್, ಕಲಿತ್ಕೊತಾರೆ. ಜನ ಖುಷಿಯಾಗಿದಾರಲ್ಲ, ಆಸ್ಪತ್ರೆಯೋರಿಗೆ ಅದೇ ಮುಖ್ಯ' ಎಂದರು. ನನಗೆ ಊಟ ಸೇರಲಿಲ್ಲ. ಗಿರಿಜಕ್ಕ ಕಣ್ಣು ಕಾಣದ ಅತ್ತೆಯ ಕೈ ಹಿಡಿದು ಮುಚ್ಚಿದ ಕಿಟಕಿಯ ಮುಂದೆ ನಿಂತಿರುವುದೇ ಕಣ್ಣಮುಂದೆ ಬರುತ್ತಿತ್ತು. ಆ ಪಾಪ ನನ್ನ ಸಹಿಯಿಂದ ಆಗಬಾರದು ಎಂದು ಇನ್ನೊಂದು ವಾರ ಕೇಳಿಕೊಂಡೆ. ದೋಷವೆಲ್ಲ ಉಪ್ಪಿಟ್ಟಿನದು ಎಂದು ತೀರ್ಮಾನಿಸಿ ಮುಂದಿನ ಭಾನುವಾರ ಅದೇ ಜನರನ್ನು ಕರೆದು ಬರೀ ನೀರು ಕೊಟ್ಟೆ. ಪರಿಣಾಮ ಇನ್ನೂ ಕೆಟ್ಟದಾಯಿತು. ಹೋದ ವಾರ ಉಪ್ಪಿಟ್ಟು ಹಾಕಿದ ಮನುಷ್ಯ ಈ ವಾರ ನೀರಿಗಿಳಿದಿದ್ದಾನೆಂದರೆ ಕೆಲಸಕ್ಕೇ ಸಂಚಕಾರ ಬಂದಿರಬೇಕು ಎಂದು ಎಲ್ಲರೂ ನಂಬಿದರು. ಕೇಳುವ ಮೊದಲೇ ಐದು ಎಂದರು. ಮುನಿಯಪ್ಪನವರು ನನ್ನ ಬೆನ್ನು ಸವರಿ 'ಐದಕ್ಕಿಂತ ಜಾಸ್ತಿ ಆಕಕ್ಕೆ ಆಗಾಕಿಲ್ವಾ ಸಾ' ಎಂದು ಕೇಳಿದರು.

ಅವರೆಲ್ಲ ಎದ್ದು ಹೊರಟಮೇಲೆ ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ನನ್ನ ಹೆಂಡತಿ ವಸುಧಾ ಲೋಟಗಳನ್ನು ಎತ್ತುತ್ತ, 'ಒಳಗೆ ಕೂತು ಯಾರಾದ್ರೂ ನಿಜ ಹೇಳ್ತಾರೇನ್ರೀ? ಗೇಟಿನ ಹತ್ರ ಇನ್ನೂ ನಿಂತಿದಾರೆ, ಹೋಗಿ ಕೇಳಿಸ್ಕೊಳ್ಳಿ' ಎಂದಳು. ಅವಳು ಹೇಳಿದ್ದು ಸರಿ. ನಮ್ಮಲ್ಲಿ ಯಾರೂ ಒಂದೇ ಸಲಕ್ಕೆ ಮನೆ ಬಿಟ್ಟು ಹೋಗುವುದಿಲ್ಲ. ಒಳಗೆ 'ಬರ್ತೀವಿ' ಎಂದು ಎದ್ದು, ಚಪ್ಪಲಿ ಮೆಟ್ಟಿ, ಗೇಟು ದಾಟಿದ ಮೇಲೆಯೇ ನಿಜವಾದ ಮಾತು ಆರಂಭವಾಗುವುದು. ನಾನು ಹಿತ್ತಲ ಬಾಗಿಲಿಂದ ಹೊರಬಿದ್ದು, ಕಾಂಪೌಂಡಿನ ಒಳಗೆ ಸಂಪಿನ ಮುಚ್ಚಳದ ಪಕ್ಕದಲ್ಲಿ ಕ್ರೋಟನ್ ಕುಂಡಗಳ ಹಿಂದೆ ಕುಕ್ಕರಗಾಲಲ್ಲಿ ಕುಳಿತೆ. ಇಷ್ಟು ವರ್ಷ ಸರ್ವೀಸಾದ ಮೇಲೆ ಇಂಥ ಸ್ಥಿತಿಗೆ ಬಂದೆನಲ್ಲ ಎಂದು ಮಂಡಿಯ ಜೊತೆ ಮನಸ್ಸೂ ನೋಯುತ್ತಿತ್ತು.

'ಅಲ್ರಿ ಮುನಿಯಪ್ಪಾರ, ನಿಮಗಾದ್ರೂ ಬಂತೇನ್ರಿ ಅದು?' ಗಿರಿಜಕ್ಕನ ದನಿ. 'ಒತ್ತಿ ಒತ್ತಿ ನನ್ನ ಬೆರಳ ಸೆಟದು ಹೋತು. ಆ ಕಿಡಕಿ ಬಂದ್ ಮಾಡಿದ್ರ ನಮ್ಮ ಅತ್ತೀನ್ನ ಎಲ್ಲಿ ತೋರಸ್ಲಿ ನಾನು?'

'ನಂಗಂತೂ ಆಸ್ಪತ್ರೆಗೆ ಓಗಾದೇ ಬ್ಯಾಡ ಅನ್ನಿಸ್ಬುಡ್ತು ಕಣವ್ವ. ಇಂಗೆ ಒತ್ತುದ್ರೆ ಅಂಗೆ ಓಯ್ತದೆ.'

'ಮತ್ತ ಐದು ಯಾಕ ಕೊಟ್ರಿ?'

'ಇನ್ನೇನ್ ಮಾಡಾನ. ಆವಯ್ಯನ ಮಕ ನೋಡುದ್ಯಾ, ಎಂಗೆ ಇಳ್ದೋಗೈತೆ.'

'ಖರೇ ಅದ. ಆದ್ರ ಈ ವಾರ ಉಪ್ಪಿಟ್ಟರ ತಪ್ಪಿತು ನೋಡ್ರಿ.'

'ಅದುನ್ನ ನಾನು ಮಾತ್ರೆ ನುಂಗ್ದಂಗೆ ನುಂಗಿದ್ದೆ ಕಣವ್ವ' ಎಂದರು ಮುನಿಯಪ್ಪನವರು. ಇಬ್ಬರೂ ನಗುತ್ತ ಮುಂದೆ ಹೋದರು. ಅಡುಗೆಮನೆಯ ಕಿಟಕಿಯಲ್ಲಿ ವಸುಧಾಳೂ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಿದ್ದಳು. ಮದುವೆಯಾದಂದಿನಿಂದ ನನ್ನ ಉಪ್ಪಿಟ್ಟಿಗೆ ಐದಕ್ಕೆ ಐದು ಕೊಡುತ್ತ ಬಂದವಳು ಅವಳು. ಆ ದಿನ ನನಗಾದ ಬೇಸರ ಸ್ವಲ್ಪವಲ್ಲ, ಆದರೆ ಹೇಳಿಕೊಳ್ಳಲು ಅದು ಸಮಯವಾಗಿರಲಿಲ್ಲ.

ಮರುದಿನ ರಿಲೀಸಿನ ಮೀಟಿಂಗು. ಈ ಸಲ ಯಾರ ಮುಲಾಜಿಗೂ ಒಳಗಾಗುವುದಿಲ್ಲ, ಆ್ಯಪ್ ನಡೆಯುವುದಿಲ್ಲ ಎಂದು ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ಮನಸ್ಸು ಗಟ್ಟಿಮಾಡಿಕೊಂಡು ಹೋದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತೇ ಇದ್ದವು. ಮಾತನ್ನು ಬಾಯಿಪಾಠ ಮಾಡಲು ಅನುಕೂಲವೇ ಆಯಿತು. ಕಾನ್ಫರೆನ್ಸ್ ರೂಮಿನ ಬಾಗಿಲು ತೆಗೆದರೆ ತುಪ್ಪದ ವಾಸನೆ. ಶ್ವೇತಾ ಅವರ ತಾಯಿ, ಮಗಳು ಮೊದಲ ಸಲ ತಾನೇ ಮುಂದೆ ನಿಂತು ಮಾಡಿದ ಕೆಲಸವೆಂದು, ಇಡೀ ತಂಡಕ್ಕೆ ಒಬ್ಬಟ್ಟು ಮಾಡಿ ಕಳಿಸಿದ್ದರು. ಶ್ವೇತಾ ತಾವೇ ನನ್ನ ತಟ್ಟೆಗೆ ಎರಡು ಹಾಕಿ, 'ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದಿದಾರೆ ಸರ್' ಎಂದರು. ಒಬ್ಬಟ್ಟು ಮೃದುವಾಗಿತ್ತು. ಎರಡನೆಯದು ಬಾಯಲ್ಲಿರುವಾಗಲೇ ಅವರು ಎಲ್ಲರೆದುರು ಕೇಳಿದರು: 'ಹೇಳಿ ಸರ್, ಹೇಗಿದೆ ನಮ್ಮ ಆ್ಯಪು?'

'ಚೆನ್ನಾಗಿದೆ' ಎಂದೆ.

ಹೇಳಿದ್ದು ನಾನೇ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸಂಜೆ ಕೆಳಗೆ ಪಾರ್ಕಿಂಗಿಗೆ ಇಳಿದಾಗ, ಪಕ್ಕದ ಸೀಟಿನ ಇರ್ಫಾನ್ ಸಿಕ್ಕಿದ ಕೂಡಲೇ ತಡೆದುಕೊಳ್ಳಲಾಗಲಿಲ್ಲ. ಸ್ಕೂಟರಿಗೆ ಒರಗಿಕೊಂಡು ಎಲ್ಲವನ್ನೂ ಕಕ್ಕಿಬಿಟ್ಟೆ. ಆ ಕ್ಯಾಲೆಂಡರು ಮನುಷ್ಯರು ಮಾಡಿದ್ದಲ್ಲ ಎಂದೆ. ಮುದುಕಿಯನ್ನು ಮಕ್ಕಳ ಡಾಕ್ಟರ ಹತ್ತಿರ ಕಳಿಸುವ ಆ್ಯಪಿಗೆ ಜನ ಐದು ಕೊಡುವುದು ನನ್ನ ಮೇಲಿನ ಕನಿಕರದಿಂದ ಎಂದೆ. ಕಿಟಕಿ ಮುಚ್ಚಿದರೆ ನಮ್ಮ ಬೀದಿಯ ಜನ ನನಗೆ ಹಿಡಿಶಾಪ ಹಾಕುತ್ತಾರೆ, ಹಾಕಬೇಕಾದ್ದೇ ಎಂದೆ. ಇರ್ಫಾನ್ ನನ್ನ ಭುಜದ ಆಚೆಗೆ ನೋಡುತ್ತಿದ್ದ. ತಿರುಗಿದರೆ ಲಿಫ್ಟಿನ ಮುಂದೆ ಶ್ವೇತಾ. ಕೈಯಲ್ಲಿ ಡಬ್ಬಿ, ನನ್ನ ಮನೆಗೆಂದು ಒಬ್ಬಟ್ಟು ಕಟ್ಟಿಸಿ ತಂದಿದ್ದರು.

'ಇದನ್ನ ಮೇಲೇ ಹೇಳ್ಬಹುದಿತ್ತಲ್ಲ ಸರ್' ಎಂದರು.

'ಒಬ್ಬಟ್ಟು ಬಾಯಲ್ಲಿತ್ತು' ಎಂದೆ.

ಅವರ ಮುಖ ಸಣ್ಣದಾಯಿತು. ಆದರೆ ಹೆಣ್ಣುಮಗಳು ಗಟ್ಟಿ. ಡಬ್ಬಿಯನ್ನು ನನ್ನ ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ ಅಲ್ಲಿಂದಲೇ ಆಸ್ಪತ್ರೆಯವರಿಗೆ ಫೋನ್ ಮಾಡಿ, ರಿಲೀಸನ್ನು ಮುಂದಕ್ಕೆ ಹಾಕಿದರು. ಕ್ಯಾಲೆಂಡರು ಹೋಗಿ, ವಯಸ್ಸು ಎಷ್ಟು ಎಂದು ನೇರವಾಗಿ ಬರೆಯುವ ಜಾಗ ಬಂತು. ಚೀಟಿಯ ಕಿಟಕಿ ತೆರೆದೇ ಇದೆ. ಆ್ಯಪು ಬಾರದವರಿಗೆ ಅದು ಇರಲೇಬೇಕು ಎಂದು ಶ್ವೇತಾ ಪಟ್ಟು ಹಿಡಿದು ಒಪ್ಪಿಸಿದರು. ಗಿರಿಜಕ್ಕ ಅತ್ತೆಯನ್ನು ಮೊನ್ನೆಯೂ ಕಣ್ಣಿನ ಡಾಕ್ಟರಿಗೇ ತೋರಿಸಿಕೊಂಡು ಬಂದರು.

ಅಂದಿನಿಂದ ನಮ್ಮ ಆಫೀಸಿನಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ಮೀಟಿಂಗೆಲ್ಲ ಮೇಲೆ ನಡೆಯುತ್ತದೆ, ತಿಂಡಿಯೂ ಇರುತ್ತದೆ. ಅದು ಮುಗಿದ ಮೇಲೆ ಶ್ವೇತಾ ಎಲ್ಲರನ್ನೂ ಪಾರ್ಕಿಂಗಿಗೆ ಇಳಿಸಿ, ಗಾಡಿಗಳ ಮಧ್ಯೆ ನಿಲ್ಲಿಸಿ 'ಈಗ ಹೇಳಿ' ಎನ್ನುತ್ತಾರೆ. ಕೇಳಲು ಕಷ್ಟವಾಗುವಷ್ಟು ನಿಜ ಹೊರಗೆ ಬರುತ್ತದೆ. ಇದನ್ನು ನನ್ನ ಕೊಡುಗೆ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದೆ, ಹೋದ ವಾರದವರೆಗೆ.

ಹೋದ ವಾರ ನನ್ನ ವರ್ಷದ ಕೆಲಸದ ಮೌಲ್ಯಮಾಪನವಿತ್ತು. ಪ್ರತಿವರ್ಷ ಅದು ಕಾನ್ಫರೆನ್ಸ್ ರೂಮಿನಲ್ಲಿ, ಕಾಫಿಯ ಜೊತೆ, 'ನಿಮ್ಮ ಕೆಲಸ ತುಂಬಾ ಚೆನ್ನಾಗಿದೆ ಸರ್' ಎಂಬ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಈ ಸಲ ಶ್ವೇತಾ ಅವರಿಂದ ಮೆಸೇಜ್ ಬಂತು: 'ಮೂರ್ತಿ ಸರ್, ನಿಮ್ಮ ಅಪ್ರೈಸಲ್. ಐದು ಗಂಟೆಗೆ ಪಾರ್ಕಿಂಗಿಗೆ ಬನ್ನಿ.'

ನಾನು ಹೆಲ್ಮೆಟ್ ಹಾಕಿಕೊಂಡೇ ಲಿಫ್ಟ್ ಹತ್ತಿದೆ.