ಸಾಲಹಳ್ಳಿಯ ಪಾಲಿಗೆ ಬಂದ ಕೆಮ್ಮು

ಬೈಲಹೊಂಗಲದ ನಮ್ಮ ಪ್ರಯೋಗಾಲಯದಲ್ಲಿ ಕೆಮ್ಮು-ನೆಗಡಿಯ ವೈರಸ್ಸುಗಳಿಗೆ ಒಬ್ಬೊಬ್ಬರು ಒಂದೊಂದು ಥರ ಹೆಸರು ಬರೆಯುತ್ತಿದ್ದರು. ಶಿಸ್ತಿನ ಮನುಷ್ಯನಾದ ನನಗೆ ಸಹಿಸಲಾಗಲಿಲ್ಲ. ‘ಇನ್ನು ಜಗತ್ತೇ ಒಪ್ಪಿದ ಕ್ರಮದಲ್ಲಿ ಬರೆಯತಕ್ಕದ್ದು: ವೈರಸ್ಸಿನ ಬಗೆ, ದೇಶ, ಊರು, ಮಾದರಿಯ ಸಂಖ್ಯೆ, ವರ್ಷ. ಅದರ ವಂಶವಾಹಿ ಸರಣಿಗೂ ಇದೇ ಹೆಸರು’ ಎಂದು ಫರ್ಮಾನು ಹೊರಡಿಸಿದೆ. ಊರೆಂದರೆ ಗಂಟಲಿನ ಮಾದರಿ ತೆಗೆದ ಊರು. ಇಷ್ಟು ಗೊತ್ತಿದ್ದ ನಾನೇ ಕೆಟ್ಟೆ.

ಆ ವಾರ ನಮ್ಮ ಓಣಿಗೆ ಓಣಿಯೇ ಕೆಮ್ಮುತ್ತಿತ್ತು. ಮಾದರಿ ಕೊಡಲು ಬಂದವರನ್ನೆಲ್ಲ “ಯಾವೂರ್ರಿ?” ಎಂದು ಕೇಳಿದೆ. ನಮ್ಮ ಕಡೆ ಈ ಪ್ರಶ್ನೆಗೆ ಇರುವ ಊರನ್ನು ಯಾರಾದರೂ ಹೇಳುತ್ತಾರೆಯೇ? ಟೆಂಪೊ ಓಡಿಸುವ ಮೌಲಾಸಾಬರು ಎಂ.ಕೆ. ಹುಬ್ಬಳ್ಳಿ ಎಂದರು. ಪಕ್ಕದ ಮನೆಯ ಭಟ್ಟರು ಸಿರಸಂಗಿ ಎಂದರು. ನನ್ನ ಹೆಂಡತಿ ಗಿರಿಜಾ ತವರೂರು ಸಾಲಹಳ್ಳಿ ಎಂದಳು. ಒಂದೇ ಮನೆಯಲ್ಲಿ ಬಾಳುವ ನಾನು ಅದನ್ನೂ ಬರೆದುಕೊಂಡೆ!

ವಂಶವಾಹಿ ಸರಣಿಗಳ ವರದಿ ಬಂತು. ವೈರಸ್ಸು ಒಂದೇ, ಹೆಸರಿನಲ್ಲಿ ಊರು ಮೂರು. ಹಳ್ಳಿಹಳ್ಳಿಗೂ ಹಬ್ಬಿತೆಂದು ಮೇಲಿನವರು ಗಾಬರಿಯಾಗಿ ಸಾಲಹಳ್ಳಿಗೆ ಜೀಪು ಕಳಿಸಿದರು. ಅಲ್ಲಿ ಒಬ್ಬರೂ ಕೆಮ್ಮುತ್ತಿರಲಿಲ್ಲ. ಆದರೆ ಸುದ್ದಿ ಸವದತ್ತಿ ಮುಟ್ಟಿತು. ಗಿರಿಜಾಳ ತಂಗಿ ಸುಮಾಳನ್ನು ನೋಡಲು ಬರಬೇಕಿದ್ದ ಅಲ್ಲಿನ ಗಂಡಿನವರು ಸದ್ಯಕ್ಕೆ ಬೇಡವೆಂದುಬಿಟ್ಟರು.

“ಹುಡುಗಿ ಅಳಾಕ ಹತ್ಯಾಳ. ವೈರಸ್ಸಿಗೆ ಇಡಾಕ ನನ್ನ ತವರಮನಿ ಊರ ಬೇಕಾಗಿತ್ತೇನ್ರಿ ನಿಮಗ?” ಎಂದಳು ಗಿರಿಜಾ.

“ನೀನ ಹೇಳಿದ್ದಲ್ಲ?”

“ನೀವು ಊರು ಕೇಳಿದ್ರಿ, ಹೇಳಿದೆ. ಮನಿ ಎಲ್ಲೈತಿ ಅಂತ ಕೇಳಿದ್ರೇನು?”

ನಾನು ಧೃತಿಗೆಡಲಿಲ್ಲ. ಹೆಸರುಗಳನ್ನೆಲ್ಲ ತಿದ್ದಿಸಿದೆ. ಸುಮಾಳ ಮದುವೆ ಮಾತು ಮುರಿಯಲು ಬಿಡಬಾರದೆಂದು ಮರುದಿನವೇ ಸವದತ್ತಿಗೆ ಹೋಗಿ ಹುಡುಗನ ತಂದೆಯ ಮುಂದೆ ಕುಳಿತೆ.

“ಸಾಲಹಳ್ಳಿಯಾಗ ಕೆಮ್ಮ ಇಲ್ರಿ. ಇದು ನಾವು ಇರೂ ಬೈಲಹೊಂಗಲದ್ದು. ನಮ್ಮ ಮಂದಿ ಇರೂ ಊರು ಬಿಟ್ಟು ಹಿರೇರ ಊರು ಹೇಳತಾರ. ಅಲ್ಲೇ ಎಡವಟ್ಟಾತು.”

“ಖರೆ ಐತಿ ಬಿಡ್ರಿ,” ಎಂದು ಅವರು ಚಹಾ ಕೊಟ್ಟರು. “ಅಂದಂಗ, ತಮ್ಮದು ಯಾವೂರು?”

“ರಾಮದುರ್ಗರಿ,” ಎಂದೆ.

ಮದುವೆಯಾದಾಗಿನಿಂದ ಬೈಲಹೊಂಗಲದಲ್ಲೇ ಮನೆ ಮಾಡಿಕೊಂಡವನು ನಾನು. ಅವರು ನಗು ತಡೆಯಲಾಗದೆ ಕಪ್ಪು ಕೆಳಗಿಟ್ಟರು.

“ಆತು, ಐತವಾರ ಸಾಲಹಳ್ಳಿಗೆ ಬರತೇವಿ. ನೀವು ಮಾತ್ರ ಬರಬ್ಯಾಡ್ರಿ. ಬಂದ್ರ ಮತ್ತ ಯಾವ ಊರಿನ ಹೆಸರು ಕೆಡಸತೀರೋ.”

ಭಾನುವಾರ ಗಿರಿಜಾ ಸಾಲಹಳ್ಳಿಯಿಂದ ಫೋನ್ ಮಾಡಿದಳು. “ಸುಮಾ ಪಸಂದ ಆಗ್ಯಾಳ. ಅವ್ರು ನಿಮ್ಮನ್ನೂ ಕೇಳಿದ್ರು.”

ನನ್ನ ಎದೆಯುಬ್ಬಿತು. “ಏನಂತ?”

“ಬಂದಿಲ್ಲ ಹೌದಲ್ಲ, ಅಂತ.”